ಹಟಮಾರಿ ಮೀನಖಂಡ

ದೇಹದಾರ್ಢ್ಯ ಸ್ಪರ್ಧೆಯಲ್ಲಿ ಸ್ಪರ್ಧಿ ಒಮ್ಮೆ ತೀರ್ಪುಗಾರರಿಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಎರಡೂ ತೋಳುಗಳನ್ನು ಎತ್ತಿ ಮಡಿಸಿ, ಒಂದು ಕಾಲನ್ನು ಹಿಂದಕ್ಕಿಟ್ಟು ಬೆರಳುಗಳ ಮೇಲೆ ಊರಬೇಕು. ಇದು ನಿಯಮ. ಹಿಮ್ಮಡಿ ಮೇಲೆದ್ದ ಕೂಡಲೇ ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಮೀನಖಂಡ ಉಬ್ಬಿ ಎರಡು ಹೋಳಾಗಿ ಕಾಣಬೇಕು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಹೆಸರಿನ ಕೊನೆಗೆ ‘ಶ್ರೀ’ ಇರುವ ಬಿರುದುಗಳಿಗಾಗಿ ನಡೆಯುವ ಪಂದ್ಯಗಳಲ್ಲಿ ಎಷ್ಟೋ ಹುಡುಗರ ಲೆಕ್ಕ ತಪ್ಪುವುದು ಈ ಭಂಗಿಯಲ್ಲೇ. ಎದೆ ಅಗಲ, ತೋಳು ದಪ್ಪ, ಕೆಳಗೆ ಮಾತ್ರ ಕೊಕ್ಕರೆ ಕಾಲು.

ಜಿಮ್‌ಗಳಲ್ಲಿ ಈ ಸ್ನಾಯುವಿಗೆ ಹಟಮಾರಿ ಎಂದೇ ಹೆಸರು. ಎಷ್ಟು ದುಡಿಸಿದರೂ ಬೆಳೆಯದು ಎಂಬುದು ಎಲ್ಲರ ದೂರು. ದೂರಿನಲ್ಲಿ ಸತ್ಯವಿದೆ, ಆದರೆ ಅದು ತೀರ ಈಚಿನದು. ಮುಂಬಯಿಯ ಪೂರ್ವದ ಅಂಚಿನಲ್ಲಿರುವ ಈ ಊರುಗಳಲ್ಲಿ ಗಟ್ಟಿ ಮೀನಖಂಡದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಅದನ್ನು ಬೇಕೆಂದು ಬೆಳೆಸಿದವರಲ್ಲ.

ಮೊದಲು ಹೆಸರಿನ ವಿಷಯ. ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣಗಾಗುವ ಈ ಮಾಂಸದಲ್ಲಿ ಕನ್ನಡ ಮೀನನ್ನು ಕಂಡಿತು. ಮರಾಠಿಯವರ ‘ಪೋಟರಿ’ಯೊಳಗೆ ‘ಪೋಟ್’, ಅಂದರೆ ಹೊಟ್ಟೆ, ಕೇಳಿಸುತ್ತದೆ. ಗ್ರೀಕರಿಗೂ ಹೊಟ್ಟೆಯೇ ಕಂಡಿತ್ತು: ಮೇಲಿನ ದೊಡ್ಡ ಸ್ನಾಯುವಿಗೆ ವೈದ್ಯರು ಇಂದಿಗೂ ಹೇಳುವ ಗ್ಯಾಸ್ಟ್ರೊಕ್ನೀಮಿಯಸ್ ಎಂಬ ಹೆಸರಿಗೆ ‘ಕಾಲಿನ ಹೊಟ್ಟೆ’ ಎಂದೇ ಅರ್ಥ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುವುದು ಸೋಲಿಯಸ್. ಲ್ಯಾಟಿನ್ನಿನಲ್ಲಿ ಸೋಲಿಯಾ ಎಂದರೆ ಚಪ್ಪಲಿ. ಅದೇ ಪದ ಒಂದು ಚಪ್ಪಟೆ ಮೀನಿಗೂ ಇತ್ತು. ಹೀಗೆ ತಿರುಗಿ ಕನ್ನಡದ ಮೀನಿಗೇ ಬಂದಂತಾಯಿತು. ನಮ್ಮ ಹಳೆಯ ವೈದ್ಯರಿಗೆ ಈ ಸ್ನಾಯುವಿನ ಅಂದಕ್ಕಿಂತ ನೋವೇ ಹೆಚ್ಚು ಗೊತ್ತಿತ್ತು. ಚರಕ ಸಂಹಿತೆ ಎಣಿಸುವ 80 ವಾತರೋಗಗಳಲ್ಲಿ ಪಿಂಡಿಕೋದ್ವೇಷ್ಟನವೂ ಒಂದು. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಂಡು ಜೀವ ಹಿಂಡುವ ಸಂಕಟ ಅದು.

ಈ ಎರಡು ಸ್ನಾಯುಗಳ ವ್ಯತ್ಯಾಸ ಮುಂದೆ ಬೇಕಾಗುತ್ತದೆ. ಎರಡೂ ಕೆಳಗೆ ಒಂದೇ ದಪ್ಪ ರಜ್ಜುವಾಗಿ ಹಿಮ್ಮಡಿಗೆ ಅಂಟಿಕೊಳ್ಳುತ್ತವೆ. ಆದರೆ ಮೇಲಿನದು ಮೊಣಕಾಲನ್ನು ದಾಟಿ ತೊಡೆಯೆಲುಬಿಗೆ ಹೋಗುತ್ತದೆ, ಒಳಗಿನದು ಮೊಣಕಾಲಿನ ಕೆಳಗೇ ನಿಲ್ಲುತ್ತದೆ. ಮೊಣಕಾಲು ಮಡಿಸಿದರೆ ಮೇಲಿನದು ಸಡಿಲವಾಗಿ, ಭಾರವೆಲ್ಲ ಒಳಗಿನದರ ಮೇಲೆ ಬೀಳುತ್ತದೆ.

ಮಹಾರಾಷ್ಟ್ರದ ತಾಲೀಮುಗಳಲ್ಲಿ, ಬೆಳಗಾವಿ ಧಾರವಾಡದ ಕಡೆಯ ತಾಲೀಮುಗಳಲ್ಲಿ, ಮೈಸೂರಿನ ಗರಡಿಗಳಲ್ಲಿ ಕಾಲಿಗೆಂದು ಇದ್ದದ್ದು ಬೈಠಕ್, ನಮ್ಮ ಬಸ್ಕಿ. ಕೆಳಗೆ ಕೂರುವಾಗ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ, ಮೈಭಾರ ಮುಂಗಾಲಿನ ಮೇಲೆ ನಿಲ್ಲುತ್ತದೆ. ನೂರು, ಐನೂರು, ಸಾವಿರ ಎಂದು ಹೊಡೆಯುತ್ತಿದ್ದರು. ಬರೋಡೆಯಿಂದ 1936ರಿಂದ 1949ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದ ಮರಾಠಿ ‘ವ್ಯಾಯಾಮ ಜ್ಞಾನಕೋಶ’ದಲ್ಲಿ ದಂಡ, ಬೈಠಕ್‌ಗಳ ಬಗೆಬಗೆಯ ರೂಪಗಳಿವೆ. ಎಲ್ಲದರ ಗುರಿ ಕುಸ್ತಿಗೆ ಬೇಕಾದ ತ್ರಾಣ. ಮೊಣಕಾಲು ಮಡಿಸಿ ಮಾಡುವ ಕೆಲಸವಾದ್ದರಿಂದ ಬೈಠಕ್ ತೊಡೆಯನ್ನು ಕಂಬ ಮಾಡುತ್ತದೆ, ಒಳಗಿನ ಸೋಲಿಯಸ್ಸನ್ನೂ ಬಿಡದೆ ದುಡಿಸುತ್ತದೆ. ಹೊರಗೆ ಕಾಣುವ ಎರಡು ಹೋಳಿಗೆ ಸಿಗುವುದು ಕಡಿಮೆ. ಪೈಲ್ವಾನನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ಮೀನಖಂಡದ ಸುತ್ತಳತೆ ಎಷ್ಟು ಎಂದು ಯಾವ ಉಸ್ತಾದನೂ ಟೇಪು ಹಿಡಿದವನಲ್ಲ.

ಟೇಪು ಬಂದದ್ದು ಯೂರೋಪಿನಿಂದ. ಯೂಜೆನ್ ಸ್ಯಾಂಡೋ ಎಂಬ ಜರ್ಮನ್ ಮೂಲದ ಬಲಶಾಲಿ ತನ್ನ ಮೈಯನ್ನೇ ಪ್ರದರ್ಶನಕ್ಕಿಟ್ಟು ಪ್ರಪಂಚ ಸುತ್ತಿದವನು. 1904-05ರಲ್ಲಿ ಭಾರತಕ್ಕೂ ಬಂದ. ಅವನ ಪುಸ್ತಕಗಳು, ಸ್ಪ್ರಿಂಗ್ ಡಂಬೆಲ್‌ಗಳು ಅಂಚೆಯಲ್ಲಿ ಬರುತ್ತಿದ್ದವು. ಅವನ್ನು ತರಿಸಿ ಅಭ್ಯಾಸ ಮಾಡಿದವರಲ್ಲಿ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯೂ ಒಬ್ಬರು. ಮುಂದೆ ಅವರು ಸ್ಯಾಂಡೋನನ್ನು ಬಿಟ್ಟು ಸೂರ್ಯನಮಸ್ಕಾರ ಹಿಡಿದು, ಅದನ್ನು ಶಾಲೆ ಶಾಲೆಗೆ ಹರಡಿದರು. ಸೂರ್ಯನಮಸ್ಕಾರದಲ್ಲಿ ಸೊಂಟ ಮೇಲೆತ್ತಿ ಹಿಮ್ಮಡಿಯನ್ನು ನೆಲಕ್ಕೆ ಒತ್ತುವ ಒಂದು ಹಂತ ಬರುತ್ತದಲ್ಲ, ಅಲ್ಲಿ ಮೀನಖಂಡ ನೇರ ಕಾಲಿನಲ್ಲಿ ಪೂರ್ತಿ ಹಿಗ್ಗುತ್ತದೆ. ಈ ಹಿಗ್ಗುವಿಕೆಯ ಬೆಲೆ ವಿಜ್ಞಾನಕ್ಕೆ ತಿಳಿದದ್ದು ಬಹಳ ತಡವಾಗಿ.

ಕನ್ನಡದಲ್ಲಿ ಈ ಹೊಸ ದೇಹಸಂಸ್ಕೃತಿಯ ದೊಡ್ಡ ಹೆಸರು ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಅವರನ್ನು ಬಲ್ಲ ಓದುಗರಿಗೆ, ಅವರ ನಿಜವಾದ ಕಸುಬು ಬೆಂಗಳೂರಿನ ವ್ಯಾಯಾಮಶಾಲೆಯಾಗಿತ್ತು ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಹೇಳಿದರು, ಹಠಯೋಗವನ್ನೂ ಡಂಬೆಲ್ಲನ್ನೂ ಒಟ್ಟಿಗೆ ಇಟ್ಟುಕೊಂಡರು. ಅವರ ಛಾಯಾಚಿತ್ರಗಳಲ್ಲಿ ಮೈ ಗ್ರೀಕ್ ಶಿಲ್ಪದಂತೆ ನಿಲ್ಲುತ್ತದೆ, ಕಾಲೂ ಆ ಶಿಲ್ಪದ ಭಾಗ. ತ್ರಾಣದ ಜೊತೆಗೆ ಅಳತೆ, ಅಳತೆಯ ಜೊತೆಗೆ ಹೊಂದಾಣಿಕೆ, ಅದರ ಜೊತೆಗೆ ಕನ್ನಡಿ: ಇವು ಮೂರೂ ಬಂದ ಮೇಲೆಯೇ ಮೀನಖಂಡಕ್ಕೆ ‘ಸಣ್ಣದು’ ಎಂಬ ಅಪವಾದ ಅಂಟಿದ್ದು.

ಅಪವಾದವನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಅಮೆರಿಕ. 1947ರ ಮಿಸ್ಟರ್ ಅಮೆರಿಕ ಸ್ಟೀವ್ ರೀವ್ಸ್‌ನ ಕತ್ತು, ತೋಳು, ಮೀನಖಂಡ ಮೂರೂ ಹದಿನೆಂಟೂವರೆ ಇಂಚಿನ ಆಸುಪಾಸಿನಲ್ಲಿ ಒಂದೇ ಅಳತೆಯವು ಎಂದು ಪತ್ರಿಕೆಗಳು ಬರೆದವು. ಮೂರೂ ಸಮ ಇರಬೇಕೆಂಬುದು ಆಮೇಲೆ ಶಾಸ್ತ್ರವೇ ಆಗಿಹೋಯಿತು. ಇಪ್ಪತ್ತು ವರ್ಷದ ನಂತರ ಆರ್ನಾಲ್ಡ್ ಶ್ವಾರ್ಜ್‌ನೆಗರ್ ತನ್ನ ಕೊರತೆ ಕಂಡುಕೊಂಡದ್ದು ರೆಗ್ ಪಾರ್ಕ್‌ನ ಪಕ್ಕದಲ್ಲಿ ನಿಂತಾಗ. ಪಾರ್ಕ್ ಮೀನಖಂಡಕ್ಕೆ 1000 ಪೌಂಡ್, ಅಂದರೆ ಸುಮಾರು 450 ಕಿಲೋ ಭಾರ ಹಾಕುತ್ತಿದ್ದ. ನಡೆಯುವಾಗಲೇ ಒಂದೊಂದು ಕಾಲು ಇಡೀ ಮೈಭಾರ ಹೊರುತ್ತದೆ, ಹಾಗಿರುವಾಗ ಅಷ್ಟೇ ತೂಕ ಕೊಟ್ಟರೆ ಅದಕ್ಕೇನು ಹೊಸದು ಎಂಬುದು ಅವನ ವಾದ. ಆರ್ನಾಲ್ಡ್ ತನ್ನ ಪ್ಯಾಂಟುಗಳನ್ನು ಮೊಣಕಾಲಿಗೆ ಕತ್ತರಿಸಿಕೊಂಡು, ಬಡಕಲು ಭಾಗ ಎಲ್ಲರಿಗೂ ಕಾಣುವಂತೆ ಓಡಾಡಿದ. ನಾಚಿಕೆಯೇ ದುಡಿಸಲಿ ಎಂದು. ಈ ಕತೆ ಜಿಮ್ ಪುರಾಣವಾಗಿ ಡೊಂಬಿವಲಿಯವರೆಗೂ ಬಂದಿದೆ, ನೂರು ರೂಪಾಂತರಗಳೊಂದಿಗೆ.

ಈ ಊರುಗಳ ಸ್ವಂತ ಕತೆ ಬೇರೆ ದಾರಿಯದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣಿಗೆ ಮುಟ್ಟಿತು. ಅಲ್ಲಿಂದೀಚೆಗೆ ಇಲ್ಲಿನ ಕಾಲುಗಳು ಸ್ಟೇಷನ್ನಿನ ಕಾಲುಗಳು. ಡೊಂಬಿವಲಿಯವನು ಮನೆಯಿಂದ ಬೀಸುಗಾಲು ಹಾಕಿ, ಮೇಲ್ಸೇತುವೆ ಹತ್ತಿಳಿದು, ಫಾಸ್ಟ್ ಲೋಕಲ್ ಹಿಡಿದು, ಗಂಟೆಗಟ್ಟಲೆ ನಿಂತು ಹೋಗುತ್ತಾನೆ. ಇಷ್ಟೆಲ್ಲ ನಡೆದರೂ ಮೀನಖಂಡ ಯಾಕೆ ಬೆಳೆಯುವುದಿಲ್ಲ? ಸೋಲಿಯಸ್ಸಿನ ಎಳೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನಿಧಾನಗತಿಯವು, ದಣಿವರಿಯದೆ ದಿನವಿಡೀ ದುಡಿಯಲೆಂದೇ ಆದವು. ನಡಿಗೆ ಅದಕ್ಕೆ ಉಸಿರಾಟವಿದ್ದಂತೆ. ಇನ್ನು ನಿಂತೇ ಇರುವುದು ಒಳ್ಳೆಯದಂತೂ ಅಲ್ಲ. ಮೀನಖಂಡ ಹಿಂಡಿದಾಗಲೇ ಕಾಲಿನ ರಕ್ತ ಮೇಲಕ್ಕೇರುವುದು. ಅಲುಗದೆ ನಿಂತರೆ ರಕ್ತ ಕೆಳಗೇ ತಂಗಿ, ರಕ್ತನಾಳ ಉಬ್ಬಿ ಗಂಟು ಕಟ್ಟುತ್ತದೆ. ಈ ಊರುಗಳ ಉಡುಪಿ ಹೋಟೆಲುಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಕಾಲ ಮೇಲೇ ಇದ್ದ ಸಪ್ಲೈಯರುಗಳಿಗೆ, ದೋಸೆ ಭಟ್ಟರಿಗೆ ಈ ಗಂಟುಗಳ ಪರಿಚಯ ಚೆನ್ನಾಗಿ ಉಂಟು. ಮಳೆಗಾಲದಲ್ಲಿ ಊರಿನಿಂದ ಮೇಳಗಳು ಬಂದಾಗ ಅವರು ನೋಡುತ್ತಿದ್ದ ಯಕ್ಷಗಾನದ ಪುಂಡುವೇಷದವನು ದಿಗಿಣ ಹಾರಿ ಹಾರಿ ಬೆಳೆಸಿಕೊಂಡ ಕಾಲು ಇನ್ನೊಂದೇ ಜಾತಿಯದು.

ಆದರೆ ಈ ಪಟ್ಟಿಯಲ್ಲಿ ಮೊದಲ ಜಾಗ ಸಲ್ಲಬೇಕಾದದ್ದು ಮಾಥಾಡಿಗೆ. ‘ಮಾಥಾ’ ಎಂದರೆ ತಲೆ. ತಲೆಹೊರೆಯಿಂದ ಬಂದ ಹೆಸರು. ಸಾತಾರಾ, ಸಾಂಗ್ಲಿ ಕಡೆಯ ಬರದ ಊರುಗಳಿಂದ ಬಂದವರೇ ಹೆಚ್ಚು. ಮುಂಬಯಿಯ ಬಂದರಿನ ಬಳಿಯ ಸಗಟು ಪೇಟೆಗಳಲ್ಲಿ ಮೂಟೆಗೆ ಇಷ್ಟು ಎಂದು ದುಡಿದ ಇವರನ್ನು ಅಣ್ಣಾಸಾಹೇಬ್ ಪಾಟೀಲ್ ಸಂಘಟಿಸಿದರು, 1969ರಲ್ಲಿ ಮಾಥಾಡಿ, ಹಮಾಲರಿಗಾಗಿಯೇ ಒಂದು ಕಾಯ್ದೆ ಬಂತು. ಎಂಬತ್ತರ ದಶಕದಿಂದ ಪೇಟೆಗಳು ಒಂದೊಂದಾಗಿ ನವಿ ಮುಂಬಯಿಯ ತುರ್ಭೆ, ವಾಶಿಗೆ ಸರಿದವು, ಮಾಥಾಡಿಗಳೂ ಬಂದರು.

ಈರುಳ್ಳಿ ಚೀಲ ಹೊತ್ತು ಲಾರಿಗೆ ಹಾಕಿದ ಹಲಗೆ ಏರುವವನ ಪಾದವನ್ನು ನೋಡಬೇಕು. ಹಲಗೆಯ ಇಳಿಜಾರಿನಲ್ಲಿ ಹಿಮ್ಮಡಿ ಬೆರಳಿಗಿಂತ ಕೆಳಗಿರುತ್ತದೆ. ಮೀನಖಂಡ ಪೂರ್ತಿ ಹಿಗ್ಗಿದ ಸ್ಥಿತಿಯಲ್ಲಿ, ತನ್ನ ಮೈಭಾರದ ಜೊತೆಗೆ ಐವತ್ತು ಕಿಲೋದ ಚೀಲವನ್ನೂ ಮೇಲಕ್ಕೆ ತಳ್ಳಬೇಕು. ಮುಂದಿನ ಹೆಜ್ಜೆಯಲ್ಲಿ ಇನ್ನೊಂದು ಕಾಲು. ದಿನವಿಡೀ, ವರ್ಷಗಟ್ಟಲೆ. ಆರ್ನಾಲ್ಡ್‌ಗೆ ಪಾರ್ಕ್ ಹೇಳಿಕೊಟ್ಟದ್ದರಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ, ಊಟವೊಂದನ್ನು ಬಿಟ್ಟು. ಆ ಒಂದೇ ದೊಡ್ಡ ವ್ಯತ್ಯಾಸ. ಹೊರೆ ಹೊರುವವರೆಲ್ಲರ ಮೀನಖಂಡ ದಪ್ಪವಿರುವುದಿಲ್ಲ. ಹಲವರದು ಹಗ್ಗ ಹೊಸೆದಂತೆ ಸಣ್ಣಗೆ, ಬಿಗಿಯಾಗಿ ಇರುತ್ತದೆ. ಮಾಂಸ ಕಟ್ಟಲು ಬೇಕಾದ ಅನ್ನ, ಬೇಳೆ, ಮೊಟ್ಟೆ, ನಿದ್ದೆ ಸಿಕ್ಕದಿದ್ದರೆ ದುಡಿಮೆ ಇರುವುದನ್ನೇ ಗಟ್ಟಿ ಮಾಡುತ್ತದೆ ಅಷ್ಟೆ. ನವಿ ಮುಂಬಯಿ ಕಟ್ಟುವ ಕಾಲಕ್ಕೆ ಪಾರಸಿಕ್ ಗುಡ್ಡದ ಸಾಲಿನ ಕಲ್ಲುಗಣಿಗಳಲ್ಲಿ, ಕಟ್ಟಡಗಳಲ್ಲಿ ದುಡಿದವರಲ್ಲಿ ಕಲಬುರಗಿ, ವಿಜಯಪುರ ಕಡೆಯ ವಡ್ಡರು, ಲಂಬಾಣಿಗರೂ ಇದ್ದರು. ಜಲ್ಲಿ ಬುಟ್ಟಿ ಹೊತ್ತು ಏಣಿ ಹತ್ತಿದ ಹೆಂಗಸರ ಕಾಲನ್ನು ಯಾವ ಟೇಪೂ ಅಳೆದಿಲ್ಲ. ಸವೆದ ಮೊಣಕಾಲು ಮಾತ್ರ ಮುಪ್ಪಿನಲ್ಲಿ ತಾನೇ ಲೆಕ್ಕ ಒಪ್ಪಿಸುತ್ತದೆ.

ದುಡಿಮೆಗೂ ಪ್ರದರ್ಶನಕ್ಕೂ ನಡುವೆ ನಿಲ್ಲುವವರು ಗೋವಿಂದರು. ಗುರುಪೂರ್ಣಿಮೆಯ ಹೊತ್ತಿಗೆ ಅಭ್ಯಾಸ ಶುರುವಾಗುತ್ತದೆ, ಗೋಕುಲಾಷ್ಟಮಿಯ ಮರುದಿನ ಮೊಸರುಗಡಿಗೆ. 2012ರ ಆಗಸ್ಟ್ 10ರಂದು ಜೋಗೇಶ್ವರಿಯ ಜೈ ಜವಾನ್ ಪಥಕ ಥಾಣೆಯಲ್ಲಿ ಒಂಬತ್ತು ಅಂತಸ್ತಿನ ಗೋಪುರ ಕಟ್ಟಿ 43.79 ಅಡಿ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿತು. ಕ್ಯಾಮೆರಾ ತುದಿಯ ಪುಟ್ಟ ಹುಡುಗನನ್ನು ಹಿಡಿಯುತ್ತದೆ. ಗೋಪುರ ನಿಲ್ಲುವುದು ತಳದವರ ಕಾಲಿನ ಗಂಟಿನಲ್ಲಿ. ಮೇಲೆ ಒಬ್ಬ ಅಲುಗಿದರೂ ಕೆಳಗೆ ಮೀನಖಂಡವೇ ಅದನ್ನು ಸರಿಪಡಿಸಬೇಕು. ಬಿದ್ದು ಕೈಕಾಲು ಮುರಿದುಕೊಂಡವರು ಎಷ್ಟೋ ಜನ. 2014ರಲ್ಲಿ ಮುಂಬಯಿ ಹೈಕೋರ್ಟ್ 20 ಅಡಿಯ ಮಿತಿ ಹಾಕಿತು, 2017ರಲ್ಲಿ ಎತ್ತರದ ಮಿತಿ ಹೋಯಿತು, ಹದಿನಾಲ್ಕಕ್ಕಿಂತ ಕಿರಿಯರು ಏರುವಂತಿಲ್ಲ ಎಂಬುದು ಉಳಿಯಿತು.

ಪಥಕಗಳ, ವ್ಯಾಯಾಮಶಾಲೆಗಳ ಈ ಸಂಸ್ಕೃತಿಯ ಬಹುಭಾಗ ಗಿರಣಗಾಂವಿನ ಚಾಳುಗಳದು. 1982ರ ಗಿರಣಿ ಮುಷ್ಕರದ ನಂತರ ಮನೆಗಳು ಥಾಣೆ, ಡೊಂಬಿವಲಿ, ಕಲ್ಯಾಣಿನ ಕಡೆ ಚದುರಿದಾಗ ಅದೂ ಹಿಂದೆಯೇ ಬಂತು. ಮಾರುತಿಯ ಪಟ, ಕಬ್ಬಿಣದ ತಟ್ಟೆ, ಲಂಗೋಟಿ ಇದ್ದ ಜಾಗಕ್ಕೆ ತೊಂಬತ್ತರ ದಶಕದಿಂದ ಎಸಿ, ಕನ್ನಡಿ, ಮೆಷಿನ್. ಇದೇ ಹೊತ್ತಿಗೆ ಹಿಂದಿ ಸಿನಿಮಾದ ನಾಯಕ ಅಂಗಿ ಬಿಚ್ಚಿದ, ಪ್ಯಾಂಟು ಮಾತ್ರ ಬಿಚ್ಚಲಿಲ್ಲ. ಸೊಂಟದ ಮೇಲಿನದೇ ದೇಹ ಎಂಬ ಭಾವನೆ ಬಲವಾಗಲು ಅಷ್ಟು ಸಾಕಾಯಿತು. ಮೀನಖಂಡದ ಮೆಷಿನ್ ಮೂಲೆಗೆ ಹೋಯಿತು. ವ್ಯಾಯಾಮದ ಕೊನೆಗೆ, ಮನೆಗೆ ಹೋಗುವ ಅವಸರದಲ್ಲಿ, ಕುಣಿದಂತೆ ಇಪ್ಪತ್ತು ಸಲ ಎಗರಿ ಬಿಡುವುದೇ ರೂಢಿ. ಹಾಗೆ ಎಗರಿದಾಗ ಕೆಲಸ ಮಾಡುವುದು ಹೆಚ್ಚಾಗಿ ಹಿಮ್ಮಡಿಯ ರಜ್ಜು; ರಬ್ಬರಿನಂತೆ ಹಿಗ್ಗಿ ಪುಟಿಯುತ್ತದೆ, ಸ್ನಾಯು ಆರಾಮವಾಗಿರುತ್ತದೆ.

ಪ್ರಯೋಗಾಲಯದ ಉತ್ತರ ಬಂದದ್ದು ಮೊನ್ನೆ ಮೊನ್ನೆ. 2023ರಲ್ಲಿ ಪ್ರಕಟವಾದ ಜಪಾನೀ ಅಧ್ಯಯನವೊಂದರಲ್ಲಿ 14 ಜನ 12 ವಾರ ಒಂದು ಕಾಲಿಗೆ ನಿಂತು, ಇನ್ನೊಂದಕ್ಕೆ ಕುಳಿತು ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿದರು. ನಿಂತು ಮಾಡಿದ ಕಾಲಿನ ಮೇಲಿನ ಸ್ನಾಯುವಿನ ಹೊರಹೋಳು ಶೇ 12.4, ಒಳಹೋಳು ಶೇ 9.2 ಬೆಳೆಯಿತು; ಕುಳಿತು ಮಾಡಿದ ಕಾಲಿನಲ್ಲಿ ಎರಡು ಶೇಕಡವೂ ದಾಟಲಿಲ್ಲ. ಸೋಲಿಯಸ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದೇ ವರ್ಷದ ಬ್ರೆಜಿಲ್ ಅಧ್ಯಯನ ಯುವತಿಯರ ಮೇಲೆ ಎಂಟು ವಾರ ನಡೆಯಿತು. ಹಿಮ್ಮಡಿ ಕೆಳಗಿಳಿದು ಸ್ನಾಯು ಹಿಗ್ಗಿರುವ ಅರ್ಧದಲ್ಲಷ್ಟೇ ದುಡಿದವರ ಒಳಹೋಳು ಶೇ 15.2 ಬೆಳೆದರೆ, ತುದಿಗಾಲಿನ ಮೇಲಿನ ಅರ್ಧದಲ್ಲಷ್ಟೇ ದುಡಿದವರದು ಶೇ 3.4.

ಹಾಗಾಗಿ ಈಗಿನ ತಿಳಿದ ತರಬೇತುದಾರರು ಹೇಳುವುದು ಹೀಗೆ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರು, ಮೊಣಕಾಲು ನೆಟ್ಟಗಿರಲಿ, ಹಿಮ್ಮಡಿಯನ್ನು ಆದಷ್ಟು ಕೆಳಗೆ ಬಿಡು, ಅಲ್ಲಿ ಒಂದೆರಡು ಕ್ಷಣ ನಿಲ್ಲು, ಪುಟಿಯದೆ ಏಳು. ವಾರಕ್ಕೆ ಮೂರು ಸಲ, ಇತರ ವ್ಯಾಯಾಮಕ್ಕೆ ಮೊದಲು, ಭಾರ ಏರಿಸುತ್ತ. ಇಷ್ಟಾದರೂ ಒಂದು ವಿಷಯ ಯಾರ ಕೈಯಲ್ಲೂ ಇಲ್ಲ. ಕೆಲವರಿಗೆ ಮಾಂಸ ಮೇಲೆಯೇ ಮುಗಿದು ರಜ್ಜು ಉದ್ದ ಇರುತ್ತದೆ, ಕೆಲವರಿಗೆ ಮಾಂಸ ಕಾಲಿನ ಗಂಟಿನ ಸಮೀಪಕ್ಕೂ ಇಳಿದಿರುತ್ತದೆ. ಅದು ತಂದೆತಾಯಿಯಿಂದ ಬಂದದ್ದು, ಬದಲಾಗದು. ವರ್ಷಕ್ಕೆ ಅರ್ಧ ಇಂಚು ಬಂದರೂ ಒಳ್ಳೆಯ ಫಲವೇ.

ಮಾಥಾಡಿ ಕುಟುಂಬಗಳು ನೆಲೆಸಿರುವ ಕೋಪರಖೈರಣೆ, ಘನ್ಸೋಲಿಯ ಸುತ್ತಮುತ್ತ ಈಗ ಜಿಮ್‌ಗಳಿಗೆ ಕೊರತೆಯಿಲ್ಲ. ನಾಲ್ಕೈದು ಕಿಲೋಮೀಟರ್ ಆಚೆ, ತುರ್ಭೆಯ ಪೇಟೆಯಲ್ಲಿ, ನಸುಕಿಗೆ ಲಾರಿಗಳ ಹಿಂಬಾಗಿಲು ತೆರೆದುಕೊಳ್ಳುತ್ತದೆ.