‘ಅನದರ್ ಪ್ಲೇಸ್’: ಕಡಲಿಗೆ ಮುಖಮಾಡಿದ ನೂರು ಗಂಡಸರು

ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ಸಮೀಪದ ಕ್ರಾಸ್ಬಿ ಕಡಲತೀರದಲ್ಲಿ ಶಿಲ್ಪಿ ಆಂಟನಿ ಗಾರ್ಮ್ಲಿ ನಿಲ್ಲಿಸಿರುವ 100 ಎರಕದ ಕಬ್ಬಿಣದ ಪುರುಷಾಕೃತಿಗಳ ಸಮೂಹವೇ ‘ಅನದರ್ ಪ್ಲೇಸ್’, ಅರ್ಥಾತ್ ‘ಬೇರೊಂದು ತಾಣ’. ತೀರದುದ್ದಕ್ಕೆ ಸುಮಾರು 3 ಕಿ.ಮೀ. ಹಾಗೂ ಸಮುದ್ರದತ್ತ ಸುಮಾರು 1 ಕಿ.ಮೀ.ವರೆಗೆ ಹರಡಿರುವ ಇವೆಲ್ಲವೂ ದಿಗಂತವನ್ನೇ ದಿಟ್ಟಿಸುತ್ತವೆ. ಒಂದೊಂದರ ತೂಕ ಸುಮಾರು 650 ಕಿಲೋ.

ಗಂಡಸಿನ ಪ್ರತಿಮೆಯೆಂದೊಡನೆ ಎತ್ತರದ ಪೀಠ, ಕುದುರೆ, ಹಿರಿದ ಖಡ್ಗ ಕಣ್ಮುಂದೆ ಬರುತ್ತವೆ. ಇಲ್ಲಿ ಅದಾವುದೂ ಇಲ್ಲ. ಗಾರ್ಮ್ಲಿ ತಮ್ಮದೇ ನಗ್ನ ದೇಹದಿಂದ ತೆಗೆದ 17 ಅಚ್ಚುಗಳಲ್ಲಿ ಇವನ್ನು ಎರಕ ಹೊಯ್ಯಿಸಿದರು. ಕೈಗಳು ಸುಮ್ಮನೆ ಇಳಿಬಿದ್ದಿವೆ. ಉಬ್ಬರದ ನೀರು ಮೊಣಕಾಲು, ಎದೆ, ಕೊರಳೆಂದು ಏರುತ್ತ ದೂರದವರನ್ನು ಪೂರ್ತಿ ಮುಳುಗಿಸುತ್ತದೆ; ಇಳಿತದಲ್ಲಿ ಅವರು ನಿಂತಲ್ಲೇ ಮತ್ತೆ ಕಾಣುತ್ತಾರೆ. ಮೈಗೆ ತುಕ್ಕು ಹಿಡಿದಿದೆ, ಕಡಲಚಿಪ್ಪುಗಳು ಅಂಟಿವೆ. ಪೌರುಷವನ್ನು ಇಷ್ಟು ನಿರಾಯುಧವಾಗಿ ತೋರಿದ ಸಾರ್ವಜನಿಕ ಶಿಲ್ಪಗಳು ವಿರಳ. ನೂರು ಮಂದಿಯೂ ಒಬ್ಬನೇ ಗಂಡಸೆಂಬುದು ಆಕ್ಷೇಪಕ್ಕೂ ಎಡೆಗೊಡುವ ಸಂಗತಿಯೇ.

1997ರಲ್ಲಿ ಜರ್ಮನಿಯ ಕುಕ್ಸ್‌ಹಾಫನ್‌ನಲ್ಲಿ ಮೊದಲು ಪ್ರದರ್ಶಿತವಾದ ಈ ಕೃತಿ ನಾರ್ವೆ, ಬೆಲ್ಜಿಯಂಗಳನ್ನು ಸುತ್ತಿ 2005ರಲ್ಲಿ ಕ್ರಾಸ್ಬಿಗೆ ಬಂತು. ಅದೂ ತಾತ್ಕಾಲಿಕವಾಗಿ. ಅಲ್ಲಿಯೇ ಉಳಿಸಿಕೊಳ್ಳುವ ಮಾತು ಬಂದಾಗ ಸಂದರ್ಶಕರ ಸುರಕ್ಷತೆ, ಹಕ್ಕಿಗಳ ನೆಲೆ, ಸಣ್ಣ ದೋಣಿಗಳ ಓಡಾಟ ಎಲ್ಲವೂ ಚರ್ಚೆಗೆ ಬಂದವು. 2006ರಲ್ಲಿ ಅನುಮತಿ ನಿರಾಕರಿಸಿದ ಸ್ಥಳೀಯ ಆಡಳಿತ, 2007ರಲ್ಲಿ ಶಾಶ್ವತ ಸ್ಥಾಪನೆಗೆ ಒಪ್ಪಿತು. ಕೆಲವು ಆಕೃತಿಗಳನ್ನು ಸ್ಥಳಾಂತರಿಸಲಾಯಿತು. ಆಳದ ಕೆಸರು ಹಾಗೂ ಉಬ್ಬರದ ಅಪಾಯವಿರುವುದರಿಂದ ದೂರದ ಆಕೃತಿಗಳತ್ತ ನಡೆದುಹೋಗಬಾರದೆಂಬ ಎಚ್ಚರಿಕೆ ಅಲ್ಲಿದೆ.