ಗುಬ್ಬಿಯ ರಂಗಭೂಮಿಯೂ ‘ಮಾಣೂಸ್’ ಚಿತ್ರವೂ: ಒಂದು ಪುನರವಲೋಕನ

ಕ್ರಿ.ಶ. 1942ರಲ್ಲಿ ಗುಬ್ಬಿ ವೀರಣ್ಣನವರು ‘ಜೀವನ ನಾಟಕ’ ಎಂಬ ಸಾಮಾಜಿಕ ಚಿತ್ರವನ್ನು ನಿರ್ಮಿಸಿದರು. ಅದರ ನಿರ್ದೇಶಕರು ವಹಾಬ್ ಕಾಶ್ಮೀರಿ. ಅದನ್ನು ಬರೆದುಕೊಟ್ಟವರು ಅ. ನ. ಕೃಷ್ಣರಾಯರು. ಬಿ. ಜಯಮ್ಮನವರೂ ಕೆಂಪರಾಜ ಅರಸರೂ ನಟಿಸಿದ ಆ ಚಿತ್ರದಲ್ಲಿ ಒಂದು ಮುಖ್ಯ ಪಾತ್ರವನ್ನು ವಹಿಸಿದವರು ಶಾಂತಾ ಹುಬ್ಳೀಕರ್. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ 1914ರಲ್ಲಿ ಜನಿಸಿದ ಈ ಕನ್ನಡತಿ ಅದಕ್ಕೆ ಮೂರು ವರ್ಷಗಳ ಹಿಂದೆಯೇ ಪುಣೆಯ ಪ್ರಭಾತ್ ಸಂಸ್ಥೆಯ ‘ಮಾಣೂಸ್’ ಚಿತ್ರದಲ್ಲಿ ಮೈನಾ ಎಂಬ ವೇಶ್ಯೆಯ ಪಾತ್ರದಿಂದ ದೇಶದಲ್ಲೆಲ್ಲ ಹೆಸರಾಗಿದ್ದರು. ಪಾತ್ರವರ್ಗದ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದು ಮರೆಯಾಗುವಷ್ಟು ಸಣ್ಣ ಸಂಗತಿ ಇದೆಂದು ತೋರಬಹುದು. ಆದರೆ ತುಮಕೂರು ಸೀಮೆಯ ರಂಗಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಇದು ಒಂದು ದೊಡ್ಡ ಪ್ರಶ್ನೆಯ ಬಾಗಿಲನ್ನು ತೆರೆಯುತ್ತದೆ. ಸಮಾಜವು ಹೊರಗಿಟ್ಟ ಮನೆಯಲ್ಲಿ ಹುಟ್ಟಿದ ಅಥವಾ ಹೊಕ್ಕ ಹೆಣ್ಣಿಗೆ ಅಲ್ಲಿಂದ ಹೊರಬರುವ ದಾರಿ ಯಾವುದು? ಆ ಚಿತ್ರ ಕೊಟ್ಟ ಉತ್ತರವನ್ನೂ ಗುಬ್ಬಿಯ ನಾಟಕಮಂಡಳಿಯ ಅನುಭವ ಕೊಡುವ ಉತ್ತರವನ್ನೂ ಜೊತೆಯಲ್ಲಿಟ್ಟು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಚಿತ್ರದ ವಿಚಾರ. 1929ರಲ್ಲಿ ಕೊಲ್ಹಾಪುರದಲ್ಲಿ ಸ್ಥಾಪಿತವಾಗಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಸಂಸ್ಥೆಯು ಈ ಚಿತ್ರವನ್ನು 1939ರಲ್ಲಿ ಮರಾಠಿಯಲ್ಲಿ ‘ಮಾಣೂಸ್’ ಎಂದೂ ಹಿಂದಿಯಲ್ಲಿ ‘ಆದ್ಮಿ’ ಎಂದೂ ತಯಾರಿಸಿತು. ನಿರ್ದೇಶಕರಾದ ವಿ. ಶಾಂತಾರಾಮರು ಎಳೆತನದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಮಾಡಿದ್ದವರು. ಕಥೆ ಸರಳವಾದದ್ದು. ಗಣಪತ ಎಂಬ ಪೋಲೀಸ್ ಪೇದೆ ಜೂಜುಕಟ್ಟೆಯೊಂದರ ಮೇಲೆ ನಡೆದ ದಾಳಿಯಲ್ಲಿ ಮೈನಾಳನ್ನು ಕಂಡು, ಅವಳನ್ನು ಸೆರೆಯಿಂದ ಉಳಿಸುತ್ತಾನೆ. ಕರುಣೆ ಅನುರಾಗವಾಗುತ್ತದೆ. ಅವಳನ್ನು ಮದುವೆಯಾಗಬೇಕೆಂದು ತನ್ನ ತಾಯಿಯ ಬಳಿಗೂ ಕರೆದೊಯ್ಯುತ್ತಾನೆ. ದೈವಭಕ್ತೆಯಾದ ಆ ಮುದುಕಿಯ ಮುಂದೆ ನಿಂತಾಗ ಮೈನಾಳಿಗೆ ತನ್ನ ಪೂರ್ವವೇ ಹೊರಲಾರದ ಹೊರೆಯಾಗುತ್ತದೆ. ಕಡೆಗೆ, ತನ್ನನ್ನು ಬಿಡದೆ ಕಾಡುವ ನೀಚನಾದ ಮಾವನನ್ನು ಕೊಂದು ಅವಳು ಸೆರೆಗೆ ಹೋಗುತ್ತಾಳೆ. ಬಿಡಿಸಿಕೊಂಡು ಹೋಗಲು ಗಣಪತ ಮುಂದಾದರೂ ಅವಳು ಒಪ್ಪುವುದಿಲ್ಲ. ನಿರಾಶನಾದ ಅವನು ಸಾವನ್ನು ಬಯಸಿದರೂ ಬದುಕಿಗೂ ಕರ್ತವ್ಯಕ್ಕೂ ಮರಳುತ್ತಾನೆ.

ಈ ಚಿತ್ರದ ನಿಷ್ಠುರತೆಯನ್ನು ಅರಿಯಬೇಕಾದರೆ ಅದು ಯಾವುದಕ್ಕೆ ಪ್ರತಿಯಾಗಿ ಬಂದಿತೆಂಬುದನ್ನು ನೆನೆಯಬೇಕು. 1935ರ ‘ದೇವದಾಸ್’ ಚಿತ್ರವು ಪ್ರೇಮದಲ್ಲಿ ಸೋತು ಕುಡಿದು ಸಾಯುವ ನಾಯಕನನ್ನು ಆರಾಧನೆಯ ವಸ್ತುವನ್ನಾಗಿ ಮಾಡಿತ್ತು. ಅಲ್ಲಿ ವೇಶ್ಯೆಯು ಅವನ ದುಃಖಕ್ಕೆ ಒದಗಿದ ಒಂದು ನೆರಳು. ‘ಮಾಣೂಸ್’ ಆ ಕ್ರಮವನ್ನು ತಿರುಗಿಸಿತು. ಇಲ್ಲಿ ದುಃಖದ ಕೇಂದ್ರ ಮೈನಾ. ಅವಳ ಗಲ್ಲಿ, ಅವಳ ಮೆಟ್ಟಿಲು, ಗಿರಾಕಿಗಳಿಗೆ ತಕ್ಕಂತೆ ನಾನಾ ಭಾಷೆಗಳಲ್ಲಿ ಅವಳು ಹಾಡಬೇಕಾದ ಹಾಡು, ಇವೆಲ್ಲವೂ ಅಲಂಕಾರವಲ್ಲ, ಅವಳ ದುಡಿಮೆಯ ವಿವರಗಳು. ಪ್ರಭಾತದ ಆ ಚಿತ್ರಶಾಲೆಯ ಆವರಣದಲ್ಲಿಯೇ ಭಾರತ ಸರ್ಕಾರದ ಚಲನಚಿತ್ರ ಶಿಕ್ಷಣಸಂಸ್ಥೆಯು 1960ರಲ್ಲಿ ಆರಂಭವಾಯಿತು.

ಅದೇ ಕಾಲದ ಕನ್ನಡದಲ್ಲಿ ಗಣಿಕೆಯ ಪಾತ್ರ ಅಪರಿಚಿತವಾಗಿರಲಿಲ್ಲ. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ‘ವಸಂತಸೇನಾ’ ಚಿತ್ರವು 1941ರಲ್ಲಿ ತೆರೆಗೆ ಬಂದಿತು. ಉಜ್ಜಯಿನಿಯ ವಸಂತಸೇನೆಯನ್ನು ಕಂಡು ಪ್ರೇಕ್ಷಕನು ಮುಜುಗರಪಡಬೇಕಾಗಿರಲಿಲ್ಲ. ಅವಳು ಸಂಸ್ಕೃತ ಕಾವ್ಯದ ದೂರದಲ್ಲಿದ್ದಳು. ಮೈನಾಳಾದರೋ ನೆರೆಯ ಬೀದಿಯವಳು. ಗಣಿಕೆಯನ್ನು ಪುರಾತನ ಕಾಲದಲ್ಲಿ ಮೆಚ್ಚಿ ವರ್ತಮಾನದಲ್ಲಿ ಹೊರಗಿಡುವುದು ನಮ್ಮ ಸಮಾಜದ ಹಳೆಯ ಅಭ್ಯಾಸ. ಮೈಸೂರು ಸರ್ಕಾರವು ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು 1909ರಲ್ಲಿಯೇ ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ ಕಾನೂನುಗಳಾದವು. ಸೇವೆ ನಿಂತಿತು, ಸರಿ. ಸೇವೆಯನ್ನು ನೆಚ್ಚಿದ್ದ ಹೆಣ್ಣುಮಕ್ಕಳು ಮರುದಿನದಿಂದ ಏನು ಉಂಡು ಬಾಳಬೇಕು ಎಂಬುದಕ್ಕೆ ಅಂತಹ ನಿಷೇಧಗಳು ತಾವಾಗಿಯೇ ಉತ್ತರ ಹೇಳಲಾರವು.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಾವು ಗುಬ್ಬಿಗೆ ಬರೋಣ. 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಮೊದಲ ಕಾಲದ ಎಲ್ಲ ಮಂಡಳಿಗಳಂತೆ ಸ್ತ್ರೀಪಾತ್ರಗಳಿಗೆ ಪುರುಷರನ್ನೇ ನೆಚ್ಚಿತ್ತು. ಕುಲಸ್ತ್ರೀ ರಂಗಕ್ಕೆ ಬರುವುದು ಆಗ ಊಹೆಗೂ ಮೀರಿದ ಮಾತು. ಬರುವವಳು ಯಾರೇ ಆಗಲಿ, ಬಂದ ಕ್ಷಣದಲ್ಲಿಯೇ ಜನರ ಬಾಯಲ್ಲಿ ‘ನಾಟಕದವಳು’ ಆಗುತ್ತಿದ್ದಳು. ಆ ಪದಕ್ಕೂ ವೇಶ್ಯೆ ಎಂಬ ಪದಕ್ಕೂ ನಡುವೆ ಲೋಕವು ಹೆಚ್ಚು ಅಂತರವನ್ನು ಇಟ್ಟಿರಲಿಲ್ಲ. ಈ ಅಪವಾದವನ್ನು ತಲೆಯ ಮೇಲೆ ಹೊತ್ತುಕೊಂಡೇ ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ವೀರಣ್ಣನವರ ರಂಗದಲ್ಲಿ ನಿಂತರು. ಜಯಮ್ಮನವರು ರಂಗಗೀತೆಯಿಂದಲೂ ಅಭಿನಯದಿಂದಲೂ ಕನ್ನಡಿಗರ ಮನವನ್ನು ಗೆದ್ದು, ‘ಹೇಮರೆಡ್ಡಿ ಮಲ್ಲಮ್ಮ’ (1946) ಚಿತ್ರದಲ್ಲಿ ಶರಣೆಯಾಗಿಯೇ ಪೂಜ್ಯರಾದರು. ಮನೆಯೊಳಗೆ ಬರಮಾಡಿಕೊಳ್ಳಲು ಹಿಂಜರಿಯುತ್ತಿದ್ದ ವೃತ್ತಿಯವಳನ್ನೇ ತೆರೆಯ ಮೇಲೆ ಕಂಡು ಕೈಮುಗಿಯುವ ಈ ವಿಚಿತ್ರವನ್ನು ನಮ್ಮ ಸಾಮಾಜಿಕ ಚರಿತ್ರೆ ಇನ್ನೂ ಸರಿಯಾಗಿ ವಿವೇಚಿಸಬೇಕಾಗಿದೆ.

ನಾಟಕಮಂಡಳಿಯು ಅಂತಹ ಹೆಣ್ಣಿಗೆ ಏನನ್ನು ಕೊಟ್ಟಿತು? ಒಂದು ಸಂಬಳ, ಮಂಡಳಿಯ ಅಡಿಗೆಯ ಮನೆಯಲ್ಲಿ ಅನ್ನ, ಕಲಿಯುವುದಕ್ಕೆ ಸಂಗೀತ ಮತ್ತು ಮಾತು, ಊರಿಂದೂರಿಗೆ ಜೊತೆಯಾಗಿ ನಡೆಯುವ ಒಂದು ಸಂಸಾರ. ಇದನ್ನು ನಾವು ಸ್ವರ್ಗವೆಂದು ವರ್ಣಿಸುವುದಿಲ್ಲ. ಮಂಡಳಿಯ ಒಡೆತನ ಪುರುಷರದು. ನಟಿಯ ಯೋಗಕ್ಷೇಮವು ಒಡೆಯನ ಔದಾರ್ಯವನ್ನೂ ಟಿಕೇಟಿನ ಹುಟ್ಟುವಳಿಯನ್ನೂ ಅವಲಂಬಿಸಿತ್ತು. ಆದರೂ ಅವಳು ಪಡೆದದ್ದು ತನ್ನ ಕಲೆಗೆ ಸಂದ ಕೂಲಿ. ಮೈನಾಳಿಗೆ ಚಿತ್ರದಲ್ಲಿ ದೊರೆಯದೆ ಹೋದದ್ದು ಇದೇ. ಗಣಪತನು ಅವಳಿಗೆ ಕೊಡಬಲ್ಲದ್ದು ಒಂದೇ: ಅವನ ಕರುಣೆ, ಅದರ ಮೂಲಕ ಮದುವೆ. ಆ ಬಾಗಿಲು ಮುಚ್ಚಿದಾಗ ಉಳಿದದ್ದು ಸೆರೆಮನೆಯ ಬಾಗಿಲು. ಇಷ್ಟು ನಿಷ್ಠುರವಾಗಿ ನೋಡಿದ ಚಿತ್ರವು ಹೆಣ್ಣಿನ ದುಡಿಮೆಯನ್ನು ಒಂದು ದಾರಿಯಾಗಿ ಕಾಣಲಿಲ್ಲ. ಆ ಪಾತ್ರಕ್ಕೆ ಜೀವ ತುಂಬಿದ ನಟಿಯಾದರೋ ದುಡಿದು ಬಾಳುತ್ತಿದ್ದವರೇ. ಚಿತ್ರದ ಒಳಗಿನ ಹೆಣ್ಣಿಗೆ ಇಲ್ಲದ ದಾರಿಯಲ್ಲಿ ಚಿತ್ರದ ಹೊರಗಿನ ಹೆಣ್ಣು ನಡೆದು ಗುಬ್ಬಿಯವರ ‘ಜೀವನ ನಾಟಕ’ಕ್ಕೆ ಬಂದರು.

‘ಜೀವನ ನಾಟಕ’ವು ನಟರ ಬಾಳನ್ನೂ ಕುಡಿತದ ಕೇಡನ್ನೂ ವಸ್ತುವಾಗಿ ಉಳ್ಳದ್ದು. ಅದನ್ನು ಬರೆದ ಅ. ನ. ಕೃ. ಅವರೇ ಮುಂದೆ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯಾಜೀವನವನ್ನು ಚಿತ್ರಿಸಿ ಅಶ್ಲೀಲತೆಯ ಆಪಾದನೆಗೆ ಗುರಿಯಾದರು; ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥದಲ್ಲಿ ತಮ್ಮ ಸಮರ್ಥನೆಯನ್ನು ಬರೆದರು. ಆ ವಾದವಿವಾದದಲ್ಲಿ ಲೇಖಕನ ಸ್ವಾತಂತ್ರ್ಯದ ಮಾತು ಬಹಳವಾಗಿ ಬಂದಿತು, ಓದುಗನ ಶೀಲದ ಮಾತು ಬಹಳವಾಗಿ ಬಂದಿತು; ಯಾರ ಬಾಳು ವಸ್ತುವಾಗಿತ್ತೋ ಅವರ ಅನ್ನದ ಮಾತು ಹಿಂದೆ ಸರಿಯಿತು.

1956ರಲ್ಲಿ ಅನೈತಿಕ ವ್ಯಾಪಾರವನ್ನು ತಡೆಯುವ ಕೇಂದ್ರ ಕಾನೂನು ಬಂದಿತು. ಅದಾದ ಮೇಲೆ, 1969ರಲ್ಲಿ, ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ‘ಗೆಜ್ಜೆಪೂಜೆ’ಯನ್ನು ನಿರ್ದೇಶಿಸಿದರು. ಕಲ್ಪನಾ ಅವರು ಅಭಿನಯಿಸಿದ ಚಂದ್ರಾ ವಿದ್ಯೆ ಕಲಿತವಳು, ಗೃಹಿಣಿಯಾಗಬಯಸುವವಳು. ಕುಲದ ವೃತ್ತಿ ಅವಳನ್ನು ಬಿಡದು. ಕೊನೆಗೆ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಕನ್ನಡ ಚಿತ್ರರಂಗದ ಗಂಭೀರ ಕೃತಿಗಳಲ್ಲಿ ಒಂದೆಂದು ನಾವು ಅದನ್ನು ಗೌರವಿಸುತ್ತೇವೆ. ಆದರೂ ಒಂದು ವ್ಯತ್ಯಾಸವನ್ನು ಗಮನಿಸದೆ ಇರಲಾಗದು. ಮೂವತ್ತು ವರ್ಷ ಹಿಂದಿನ ಮೈನಾ ಸೆರೆಯಲ್ಲಾದರೂ ಜೀವಂತವಾಗಿ ಉಳಿದಳು; ಚಂದ್ರಾ ಉಳಿಯಲಿಲ್ಲ. ಪ್ರೇಕ್ಷಕನ ಕಣ್ಣೀರಿಗೆ ಸತ್ತ ಹೆಣ್ಣು ಸುಲಭವಾಗಿ ಪಾತ್ರಳಾಗುತ್ತಾಳೆ. ಬದುಕಿ ಸಂಬಳ ಕೇಳುವ ಹೆಣ್ಣು ಆಗುವುದಿಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಬರಲು 1982ರವರೆಗೆ ಕಾಯಬೇಕಾಯಿತು.

ಶಾಂತಾ ಹುಬ್ಳೀಕರ್ ಅವರ ಕಡೆಗಾಲವು ಈ ಚರ್ಚೆಗೆ ಒಂದು ಎಚ್ಚರಿಕೆ. ಒಮ್ಮೆ ದೇಶದ ಮನೆಮಾತಾಗಿದ್ದ ಈ ಕಲಾವಿದೆ ವೃದ್ಧಾಪ್ಯದಲ್ಲಿ ಆಶ್ರಮವಾಸಿಯಾಗಿ ಇರಬೇಕಾಯಿತು. ‘ಮಾಣೂಸ್’ ಚಿತ್ರದ ಹಾಡಿನ ಮೊದಲ ಮಾತನ್ನೇ ಆತ್ಮಕಥೆಗೆ ಹೆಸರಾಗಿ ಇಟ್ಟರು, 1992ರಲ್ಲಿ ಕಾಲವಾದರು. ಕೂಲಿಯೊಂದೇ ಸಾಲದು, ಮುಪ್ಪಿಗೆ ಆಸರೆಯೂ ಕುಂದದ ಮರ್ಯಾದೆಯೂ ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ದಾಖಲೆ ಹೇಳೀತು?

ವೀರಣ್ಣನವರ ಹೆಸರಿನ ಕಲಾಕ್ಷೇತ್ರವು ತುಮಕೂರು ನಗರದಲ್ಲಿದೆ; ಅವರ ಆತ್ಮಕಥೆ ‘ಕಲೆಯೇ ಕಾಯಕ’ ಅಚ್ಚಾಗಿದೆ. ಈ ಗೌರವಗಳು ಯುಕ್ತವಾದವು. ಆದರೆ ಆ ಕಾಯಕದಲ್ಲಿ ಪಾಲುಗೊಂಡ ಹೆಂಗಸರ ಚರಿತ್ರೆಯನ್ನು ಒಡೆಯನ ಚರಿತ್ರೆಯ ಅಡಿಟಿಪ್ಪಣಿಯಾಗಿ ಉಳಿಸಬಾರದು. ಮೂಡಲ್ ಕುಣಿಗಲ್ ಕೆರೆಯ ಪದವನ್ನು ನಾಡೆಲ್ಲ ಬಲ್ಲದು, ಅದನ್ನು ಮೊದಲು ಕಟ್ಟಿದವರ ಹೆಸರು ಯಾರಿಗೂ ಉಳಿದಿಲ್ಲ. ನಾಟಕದ ಹೆಣ್ಣುಮಕ್ಕಳಿಗೂ ಅದೇ ಗತಿ ಆಗಬಾರದು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಹಳೆಯ ಮನೆಗಳಲ್ಲಿ ಇರಬಹುದಾದ ಕರಪತ್ರ, ಸಂಬಳದ ಚೀಟಿ, ಭಾವಚಿತ್ರಗಳನ್ನು ಅಭ್ಯಾಸಿಗಳು ಹುಡುಕಬೇಕು. ಹಿರಿಯರ ನೆನಪುಗಳನ್ನು ಬರೆದಿಡಬೇಕು. ಹೀಗೆ ಮಾಡುವಾಗ ನಟಿಯ ಹುಟ್ಟನ್ನು ಕುತೂಹಲಕ್ಕಾಗಿ ಕೆದಕುವುದೂ ತಪ್ಪು, ನಾಚಿಕೆಯಿಂದ ಮುಚ್ಚಿಡುವುದೂ ತಪ್ಪು. ಅವಳು ಏನು ಕಲಿತಳು, ಎಷ್ಟು ದುಡಿದಳು, ಆ ದುಡಿಮೆಯಿಂದ ಯಾರನ್ನು ಸಾಕಿದಳು ಎಂಬುದೇ ಚರಿತ್ರಕಾರನ ಪ್ರಶ್ನೆಯಾಗಬೇಕು. ‘ಮಾಣೂಸ್’ ಎಂಬ ಮಾತಿನ ಅರ್ಥ ಮನುಷ್ಯ ಎಂದು. ಆ ಹೆಸರಿಗೆ ಗಣಪತನಷ್ಟೇ ಮೈನಾಳೂ ಹಕ್ಕುದಾರಳು ಎಂಬುದು ನಮ್ಮ ಅಭಿಪ್ರಾಯ.