ಪೂರಕವೆಂಬ ವರ್ಗ: ಇನ್‌ಸ್ಟಾಲರ್‌ಗಳ ಆಯ್ಕೆಪಟ್ಟಿಯಲ್ಲಿ ಕನ್ನಡದ ಸ್ಥಾನ

ಗಣಕಯಂತ್ರದಲ್ಲಿ ಒಂದು ಲಿಪಿಯ ಇತಿಹಾಸವನ್ನು ಬರೆಯುವಾಗ ಸಂಕೇತೀಕರಣದ ವರ್ಷವನ್ನೇ ಮೈಲಿಗಲ್ಲಾಗಿ ಹಿಡಿಯುವುದು ರೂಢಿ. ಕನ್ನಡದ ಮಟ್ಟಿಗೆ ಆ ವರ್ಷ 1991. ಭಾರತೀಯ ಲಿಪಿಗಳ ಸಂಕೇತ ಮಾನಕವಾದ ‘ಇಸ್ಕಿ’ ಆ ವರ್ಷ ಪರಿಷ್ಕೃತ ರೂಪದಲ್ಲಿ ಹೊರಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿ ಕನ್ನಡಕ್ಕೆ 128 ಸ್ಥಾನಗಳ ಖಂಡವೊಂದನ್ನು ಮೀಸಲಿಟ್ಟಿತು. ಹೀಗಿದ್ದರೂ, ಅದಾದ ಹದಿನಾಲ್ಕು ವರ್ಷಗಳ ಮೇಲೆ, 2005ರಲ್ಲಿ, ಹೊಸದಾಗಿ ವಿಂಡೋಸ್ ಎಕ್ಸ್‌ಪಿ ಹಾಕಿಸಿಕೊಂಡ ಗಣಕದಲ್ಲಿ ಯುನಿಕೋಡ್ ಕನ್ನಡದ ಕಡತವೊಂದನ್ನು ತೆರೆದರೆ ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಮಾನಕವಿತ್ತು, ಆ ಕಾರ್ಯಾಚರಣೆ ವ್ಯವಸ್ಥೆಯ ಸಿ.ಡಿ.ಯಲ್ಲಿ ಕನ್ನಡದ ಫಾಂಟೂ ಇತ್ತು. ಇಲ್ಲದಿದ್ದುದು ಒಂದು ಆಯ್ಕೆಚೌಕದೊಳಗಿನ ಗುರುತು ಮಾತ್ರ. ಈ ಗುರುತಿನ ಇತಿಹಾಸವೇ ಪ್ರಸ್ತುತ ಲೇಖನದ ವಿಷಯ. ಆ ಕಾಲದ ಡಿಜಿಟಲ್ ಕನ್ನಡದ ಬಗ್ಗೆ ಭಾಷಾವಿಜ್ಞಾನಿಗಳಾದ ನಾವು ಕೈಗೊಳ್ಳುವ ತೀರ್ಮಾನಗಳಿಗೆ ಅದು ನೇರವಾಗಿ ಸಂಬಂಧಿಸಿದೆ ಎಂಬುದು ನಮ್ಮ ವಾದ.

ಇನ್‌ಸ್ಟಾಲರ್ ಎಂಬುದು ಕಾರ್ಯಾಚರಣೆ ವ್ಯವಸ್ಥೆಯನ್ನು ಯಂತ್ರದಲ್ಲಿ ನೆಲೆಗೊಳಿಸುವ ಕ್ರಮವಿಧಿ. ಯಾವ ಪ್ಯಾಕೇಜುಗಳನ್ನು ಕೇಳದೆಯೇ ಹಾಕಬೇಕು, ಯಾವುವನ್ನು ಕೇಳಿದರೆ ಮಾತ್ರ ಹಾಕಬೇಕು ಎಂಬ ವಿಂಗಡಣೆ ಅದರೊಳಗೆ ಅಡಗಿರುತ್ತದೆ. ಕೇಳದೆಯೇ ದೊರೆಯುವುದು ‘ಡೀಫಾಲ್ಟ್’, ಪೂರ್ವನಿಯೋಜಿತ. ನಮ್ಮ ವ್ಯಾಕರಣ ಪರಂಪರೆಯ ಉತ್ಸರ್ಗ-ಅಪವಾದಗಳ ಜೋಡಿಯನ್ನೂ, ಪ್ರಾಗ್ ಪಂಥದ ತ್ರುಬೆಟ್ಸ್‌ಕೊಯ್ ಧ್ವನಿಮಾಶಾಸ್ತ್ರದಲ್ಲಿ ನೆಲೆಗೊಳಿಸಿದ ಗುರುತುಳ್ಳ ಮತ್ತು ಗುರುತಿಲ್ಲದ ಪದಗಳ ಭೇದವನ್ನೂ ಬಲ್ಲ ಓದುಗರಿಗೆ ಈ ವಿಂಗಡಣೆ ಹೊಸದೆನಿಸದು. ಆದರೆ ವ್ಯಾಕರಣದಲ್ಲಿ ಉತ್ಸರ್ಗವನ್ನು ಭಾಷೆಯ ವರ್ತನೆಯಿಂದ ಸಾಧಿಸಿ ತೋರಿಸಬೇಕು. ಇನ್‌ಸ್ಟಾಲರಿನಲ್ಲಿ ಅದು ಮೊದಲೇ ವಿಧಿಸಲ್ಪಟ್ಟಿರುತ್ತದೆ, ಬಳಕೆದಾರರ ವರ್ತನೆ ಅದಕ್ಕೆ ಹೊಂದಿಕೊಳ್ಳುತ್ತದೆ.

ವಿಂಡೋಸ್ 2000 ಲೋಕದ ಭಾಷೆಗಳನ್ನು 17 ‘ಭಾಷಾಗುಂಪು’ಗಳಾಗಿ ವಿಭಾಗಿಸಿತ್ತು. ಭಾರತೀಯ ಭಾಷೆಗಳು ಅವುಗಳಲ್ಲೊಂದು ಗುಂಪು. ಆದರೆ ಆ ಗುಂಪಿನೊಳಗೆ ವಾಸ್ತವವಾಗಿ ಇದ್ದ ಲಿಪಿಗಳು ದೇವನಾಗರಿ ಮತ್ತು ತಮಿಳು ಎರಡೇ. 2001ರಲ್ಲಿ ಬಂದ ಎಕ್ಸ್‌ಪಿ ಕನ್ನಡ, ತೆಲುಗು, ಗುಜರಾತಿ ಮತ್ತು ಗುರುಮುಖಿಗಳನ್ನು ಸೇರಿಸಿತು. ನದಿಯೊಂದರ ಹೆಸರನ್ನು ಹೊತ್ತ ‘ತುಂಗಾ’ ಕನ್ನಡದ ಫಾಂಟಾಯಿತು. ಮಲಯಾಳ ಮತ್ತು ಬಂಗಾಳಿಗಳು 2004ರ ಎರಡನೆಯ ಸರ್ವೀಸ್ ಪ್ಯಾಕ್‌ವರೆಗೆ ಕಾಯಬೇಕಾಯಿತು. ಇದೇ ಎಕ್ಸ್‌ಪಿಯಲ್ಲಿ ಮತ್ತೊಂದು ಬದಲಾವಣೆಯೂ ನಡೆಯಿತು: 17 ಗುಂಪುಗಳು ಮೂರು ಸಂಚಯಗಳಾಗಿ ಕುಗ್ಗಿದವು. ಪಶ್ಚಿಮ ಮತ್ತು ಮಧ್ಯ ಯುರೋಪು, ಬಾಲ್ಟಿಕ್, ಗ್ರೀಕ್, ಸಿರಿಲಿಕ್, ತುರ್ಕಿ ಗುಂಪುಗಳು ಎಲ್ಲ ಯಂತ್ರಗಳಿಗೂ ಕೇಳದೆಯೇ ದೊರೆತವು. ಉಳಿದುವೆಲ್ಲ ‘ಪೂರಕ ಭಾಷಾ ಬೆಂಬಲ’ ಎಂಬ ಶೀರ್ಷಿಕೆಯಡಿ ಎರಡು ಆಯ್ಕೆಚೌಕಗಳಾದವು. ಒಂದು, ಸಂಕೀರ್ಣ ಲಿಪಿಗಳು ಹಾಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು. ಇನ್ನೊಂದು, ಪೂರ್ವ ಏಷ್ಯಾದ ಭಾಷೆಗಳು. ಇಂಗ್ಲಿಷ್ ಆವೃತ್ತಿಯಲ್ಲಿ ಇವೆರಡೂ ಖಾಲಿಯಾಗಿದ್ದವು.

ಮೊದಲ ಚೌಕದ ಒಳಗೇನಿತ್ತೆಂಬುದನ್ನು ನಿಧಾನವಾಗಿ ನೋಡಬೇಕು. ಅರೇಬಿಕ್, ಹೀಬ್ರೂ, ಥಾಯ್, ಭಾರತೀಯ ಭಾಷೆಗಳು, ವಿಯೆಟ್ನಾಮೀ, ಅರ್ಮೇನಿಯನ್, ಜಾರ್ಜಿಯನ್. ಕನ್ನಡವನ್ನು ‘ಸಂಕೀರ್ಣ’ವೆಂದು ಕರೆಯುವುದಕ್ಕೆ ತಾಂತ್ರಿಕ ಸಮರ್ಥನೆ ಇದೆ. ‘ಅರ್ಕ’ ಎಂಬ ಪದದಲ್ಲಿ ರಕಾರವು ಕಕಾರಕ್ಕಿಂತ ಮೊದಲು ಸಂಗ್ರಹವಾಗುತ್ತದೆ, ಆದರೆ ಅರ್ಕಾವೊತ್ತು ಕಕಾರದ ನಂತರ ಮೂಡುತ್ತದೆ. ಒತ್ತಕ್ಷರಗಳು ಕೆಳಗಿಳಿಯಬೇಕು, ಕಾಗುಣಿತದ ಚಿಹ್ನೆಗಳು ವ್ಯಂಜನದ ಆಕಾರವನ್ನೇ ಬದಲಿಸುತ್ತವೆ. ಸಂಗ್ರಹಕ್ರಮಕ್ಕೂ ದೃಶ್ಯಕ್ರಮಕ್ಕೂ ನಡುವೆ ಒಂದು ರೂಪಣಯಂತ್ರ ಕೆಲಸ ಮಾಡಲೇಬೇಕು. ಆದರೆ ವಿಯೆಟ್ನಾಮೀ ಭಾಷೆಯ ಲಿಪಿ ರೋಮನ್. ಅದರ ವಿಶೇಷವೆಂದರೆ ಸ್ವರಗಳ ಮೇಲೆ ಪೇರಿಸುವ ಚಿಹ್ನೆಗಳಷ್ಟೇ. ಅರ್ಮೇನಿಯನ್ ಮತ್ತು ಜಾರ್ಜಿಯನ್ ಲಿಪಿಗಳಲ್ಲಿ ಅಕ್ಷರಗಳು ಎಡದಿಂದ ಬಲಕ್ಕೆ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಗ್ರೀಕಿಗಿಂತ ಅವು ಯಾವ ಅರ್ಥದಲ್ಲೂ ಜಟಿಲವಲ್ಲ. ಹಾಗಾಗಿ ಈ ವರ್ಗವು ಲಿಪಿಶಾಸ್ತ್ರದ ವರ್ಗವಲ್ಲ. ಯುರೋಪಿನ ಮಾರುಕಟ್ಟೆಯಿಂದ ಹೊರಗುಳಿದ, ಪೂರ್ವ ಏಷ್ಯಾದ ಮಾರುಕಟ್ಟೆಗೂ ಸೇರದ ಭಾಷೆಗಳ ಶೇಷವರ್ಗವಿದು. ‘ಸಂಕೀರ್ಣ’ ಎಂಬುದು ಆ ಶೇಷಕ್ಕೆ ಕೊಟ್ಟ ಗೌರವಯುತ ಹೆಸರು.

ಜಾಗದ ಕೊರತೆ ಇದಕ್ಕೆ ಕಾರಣವಾಗಿರಲು ಸಾಧ್ಯವೇ? ಪೂರ್ವ ಏಷ್ಯಾದ ಚೌಕವನ್ನು ಆರಿಸಿದರೆ 230 ಎಂಬಿ ಬೇಕೆಂದು ಇನ್‌ಸ್ಟಾಲರ್ ಎಚ್ಚರಿಸುತ್ತಿತ್ತು. ಸಾವಿರಾರು ಚಿತ್ರಾಕ್ಷರಗಳ ಫಾಂಟುಗಳಿಗೆ ಅದು ಸಹಜ. ಸಂಕೀರ್ಣ ಲಿಪಿಗಳ ಚೌಕ ಕೇಳುತ್ತಿದ್ದುದು 10 ಎಂಬಿ. ಎಕ್ಸ್‌ಪಿಗೆ ಬೇಕೆಂದು ತಯಾರಕರೇ ಹೇಳಿದ್ದ ಕನಿಷ್ಠ ಜಾಗ 1.5 ಜಿಬಿ, ಅದರಲ್ಲಿ ಹತ್ತು ಎಂಬಿ ಎಂದರೆ ನೂರಕ್ಕೆ ಒಂದು ಪಾಲೂ ಅಲ್ಲ. ಜಾಗದ ತರ್ಕ ಚೀನೀ-ಜಪಾನೀ ಭಾಷೆಗಳಿಗೆ ಒಪ್ಪುತ್ತದೆ, ಕನ್ನಡಕ್ಕೆ ಒಪ್ಪುವುದಿಲ್ಲ. ರೂಪಣಯಂತ್ರ ಚಾಲನೆಯಾದರೆ ಪಠ್ಯದ ಪ್ರದರ್ಶನಕ್ಕೆ ಹೆಚ್ಚುವರಿ ಹಂತವೊಂದು ಸೇರುತ್ತದೆ ಎಂಬ ತರ್ಕಕ್ಕೆ ಸ್ವಲ್ಪ ತೂಕವಿದೆ. ಆದರೂ ಹಿಂದಿನ ಆವೃತ್ತಿಯ ಭಾಷಾಗುಂಪುಗಳ ಚೌಕಟ್ಟು ಮರುಪರಿಶೀಲನೆಯಿಲ್ಲದೆ ಮುಂದುವರಿದುದೇ ಮುಖ್ಯ ಕಾರಣವೆಂದು ನಾವು ಊಹಿಸುತ್ತೇವೆ.

ಆ ಚೌಕವನ್ನು ಆಮೇಲೆ ತುಂಬುವುದು ಕಷ್ಟವೇ ಎಂದು ಇಂದಿನ ಓದುಗರು ಕೇಳಬಹುದು. ಕಂಟ್ರೋಲ್ ಪ್ಯಾನೆಲ್ಲಿನ ಒಳಪುಟಕ್ಕೆ ಹೋಗಿ ಗುರುತು ಹಾಕಬೇಕಿತ್ತು. ಅದಕ್ಕೆ ಆ ಯಂತ್ರದ ಆಡಳಿತಾಧಿಕಾರ ಬೇಕಿತ್ತು. ಬಳಿಕ ಮೂಲ ಸಿ.ಡಿ.ಯನ್ನು ಹಾಕೆಂದು ವ್ಯವಸ್ಥೆ ಕೇಳುತ್ತಿತ್ತು. ಸ್ವಂತ ಯಂತ್ರವೂ ಸಿ.ಡಿ.ಯೂ ಇದ್ದವರಿಗೆ ಇದು ಐದು ನಿಮಿಷದ ಕೆಲಸ. ಸೈಬರ್ ಕೆಫೆಯ ಗಿರಾಕಿಗೆ, ಕಾಲೇಜಿನ ಪ್ರಯೋಗಾಲಯದ ವಿದ್ಯಾರ್ಥಿಗೆ, ಕಚೇರಿಯ ಬೆರಳಚ್ಚುಗಾರರಿಗೆ ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ.

ಇದಕ್ಕೆ ಪ್ರತಿಯಾಗಿ ನಿಂತದ್ದು ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಮಾರ್ಗ. ಇವುಗಳ ಆಗಿನ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಖಂಡಗಳನ್ನು ಕೂರಿಸುತ್ತಿದ್ದವು. ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ, ರೋಮನ್ ಪಠ್ಯ. ಆದ್ದರಿಂದ ಅದಕ್ಕೆ ರೂಪಣಯಂತ್ರದ ಹಂಗಿರಲಿಲ್ಲ, ಯಾವ ಚೌಕದ ಗುರುತೂ ಬೇಕಿರಲಿಲ್ಲ. (ಇವನ್ನು ‘ಆಸ್ಕಿ ಫಾಂಟು’ ಎನ್ನುವ ರೂಢಿ ಸಡಿಲವಾದದ್ದು, ಬಳಸಿದ ಸ್ಥಾನಗಳಲ್ಲಿ ಅನೇಕವು ಆಸ್ಕಿಯ 128ರ ಮಿತಿಯಾಚೆಗಿನವು.) ಅಂದರೆ ಇನ್‌ಸ್ಟಾಲರಿನ ಕಣ್ಣಿಗೆ ಗುರುತಿಲ್ಲದ ಭಾಷೆಯ ವೇಷ ಹಾಕಿಕೊಂಡೇ ಕನ್ನಡ ಆ ಯಂತ್ರಗಳಲ್ಲಿ ಓಡಾಡಿತು. ಅದಕ್ಕೆ ತೆತ್ತ ಬೆಲೆ ನಮಗೆಲ್ಲ ಪರಿಚಿತ: ಫಾಂಟು ಬದಲಾದರೆ ಓದಲಾಗದ ಪಠ್ಯ, ಕೆಲಸ ಮಾಡದ ಹುಡುಕಾಟ, ಅಕಾರಾದಿಗೆ ಒಗ್ಗದ ಪಟ್ಟಿ.

ನಮ್ಮ ಕ್ಷೇತ್ರಕ್ಕೆ ಇದರ ಪರಿಣಾಮ ಇಲ್ಲಿಂದ ಮೊದಲಾಗುತ್ತದೆ. ಜಾಲದಿಂದ ಯುನಿಕೋಡ್ ಪಠ್ಯವನ್ನು ಮಾತ್ರ ಹೆಕ್ಕಿ ಕಟ್ಟಿದ ಪಠ್ಯಕೋಶದಲ್ಲಿ ಈ ಶತಮಾನದ ಮೊದಲ ವರ್ಷಗಳು ಬಡಕಲಾಗಿ ಕಾಣುವುದು ಅನಿವಾರ್ಯ. ಆ ಕಾಲದ ಮುದ್ರಣಸಿದ್ಧ ಕಡತಗಳು, ಕಚೇರಿ ಪತ್ರಗಳು ಆಕಾರಸಂಕೇತಗಳಲ್ಲಿ ಉಳಿದಿವೆ. ಗೆಳೆಯರ ಮಿಂಚಂಚೆಗಳು ರೋಮನ್ ಲಿಪಿಯ ಕನ್ನಡದಲ್ಲಿವೆ. ಈ ಬಡಕಲುತನವನ್ನು ಕನ್ನಡಿಗರ ಭಾಷಾ ಮನೋಧರ್ಮಕ್ಕೆ ಆರೋಪಿಸುವ, ‘ಅಭಿಮಾನಶೂನ್ಯತೆ’ಯ ಹಳೆಯ ದೂರನ್ನು ಅಂಕಿಗಳ ಬೆಂಬಲದೊಂದಿಗೆ ಮರಳಿ ಹೇಳುವ ಪ್ರಲೋಭನೆ ದೊಡ್ಡದು. ನಾವು ಅದನ್ನು ಒಪ್ಪುವುದಿಲ್ಲ. ಒಂದೇ ವಾಕ್ಯವನ್ನು ರೋಮನ್ನಿನಲ್ಲಿ ಬರೆದರೆ ಎದುರಿನವರಿಗೆ ಖಂಡಿತ ಕಾಣುತ್ತದೆ, ಕನ್ನಡದಲ್ಲಿ ಬರೆದರೆ ಚೌಕಗಳಾಗಬಹುದು ಎಂಬ ಸ್ಥಿತಿಯಲ್ಲಿ ರೋಮನ್ನನ್ನು ಆರಿಸಿದ್ದು ಲಿಪಿನಿಷ್ಠೆಯ ಅಳತೆಗೋಲಲ್ಲ. ಆ ದಶಕದ ಲಿಪಿ ಆಯ್ಕೆಯನ್ನು ಕುರಿತ ಯಾವುದೇ ಸಮಾಜಭಾಷಾವೈಜ್ಞಾನಿಕ ಹೇಳಿಕೆ, ಬರೆದವರ ಯಂತ್ರದ ಜೊತೆಗೆ ಓದುವವರ ಯಂತ್ರವನ್ನೂ ಒಂದು ಚರಾಂಶವಾಗಿ ಪರಿಗಣಿಸಬೇಕು.

ಮುಕ್ತ ತಂತ್ರಾಂಶದ ಪರಂಪರೆ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿತು. ಡೆಬಿಯನ್‌ನ ಇನ್‌ಸ್ಟಾಲರ್ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು ಭಾಷೆಯದು. ಉತ್ತರಕ್ಕೆ ತಕ್ಕಂತೆ ಆ ಭಾಷೆಯ ಫಾಂಟು ಮೊದಲಾದ ಪ್ಯಾಕೇಜುಗಳ ಕಾರ್ಯಗುಚ್ಛವು ತಾನಾಗಿ ಆಯ್ಕೆಗೊಳ್ಳುತ್ತದೆ. ಇಲ್ಲಿ ಯಾವ ಭಾಷೆಯೂ ಪೂರಕವಲ್ಲ. ಆದರೆ ಇನ್‌ಸ್ಟಾಲರಿನ ಪಠ್ಯಾಧಾರಿತ ಪರದೆಗೆ ಒತ್ತಕ್ಷರ ಜೋಡಿಸುವ ಶಕ್ತಿ ಇರಲಿಲ್ಲ. ಹಾಗಾಗಿ 2011ರ 6.0 ಆವೃತ್ತಿಯಲ್ಲಿ ಕನ್ನಡ ಸೇರ್ಪಡೆಯಾದುದು ಚಿತ್ರಾತ್ಮಕ ಇನ್‌ಸ್ಟಾಲರಿಗೆ. ಇದಕ್ಕಿಂತ ಆಳವಾದ ಮಿತಿ ಆ ಮೊದಲ ಪ್ರಶ್ನೆಯಲ್ಲೇ ಇದೆ: ಅದು ಒಬ್ಬರಿಗೆ ಒಂದೇ ಭಾಷೆ ಎಂದು ಭಾವಿಸುತ್ತದೆ. ಆದೇಶಗಳನ್ನು ಇಂಗ್ಲಿಷಿನಲ್ಲಿ ಓದಿ, ಪತ್ರವನ್ನು ಕನ್ನಡದಲ್ಲಿ ಬರೆದು, ಸುದ್ದಿಯನ್ನು ಎರಡರಲ್ಲೂ ಓದುವವರು ಇಂಗ್ಲಿಷ್ ಎಂದು ಉತ್ತರಿಸಿದರೆ ಕನ್ನಡದ ಗುಚ್ಛ ಆಯ್ಕೆಗೊಳ್ಳುವುದಿಲ್ಲ. ದ್ವಿಭಾಷಿಕತೆಯೇ ಸಹಜಸ್ಥಿತಿಯಾಗಿರುವ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಸಿ.ಡಿ.ಗಳ ಕಾಲದಲ್ಲಿ ಮತ್ತೊಂದು ಜರಡಿಯೂ ಇತ್ತು. ಡೆಬಿಯನ್‌ನ ಎಲ್ಲ ಪ್ಯಾಕೇಜುಗಳು ಒಂದು ಸಿ.ಡಿ.ಯಲ್ಲಿ ಹಿಡಿಯುತ್ತಿರಲಿಲ್ಲ. ಮೊದಲ ಸಿ.ಡಿ.ಗೆ ಯಾವುವು ಸೇರಬೇಕೆಂದು ನಿರ್ಧರಿಸುವಲ್ಲಿ ‘ಪಾಪ್‌ಕಾನ್’ ಎಂಬ ಜನಪ್ರಿಯತಾ ಗಣತಿಯ ಅಂಕಿಗಳನ್ನು ಬಳಸಲಾಗುತ್ತಿತ್ತು. ಬಳಕೆದಾರರು ಸಮ್ಮತಿಸಿದರೆ ಅವರ ಯಂತ್ರದಲ್ಲಿರುವ ಪ್ಯಾಕೇಜುಗಳ ಪಟ್ಟಿ ಜಾಲದ ಮೂಲಕ ರವಾನೆಯಾಗುತ್ತದೆ. ಭಾಗವಹಿಸುವಿರಾ ಎಂಬ ಪ್ರಶ್ನೆಗೆ ಪೂರ್ವನಿಯೋಜಿತ ಉತ್ತರ ‘ಇಲ್ಲ’. ಜಾಲಸಂಪರ್ಕ ದುಬಾರಿಯಾಗಿದ್ದ ಊರಿನ ಕನ್ನಡ ಬಳಕೆದಾರರು ಈ ಗಣತಿಯಲ್ಲಿ ಎಣಿಕೆಯಾಗುವ ಸಂಭವ ಕಡಿಮೆ. ಎಣಿಕೆಯಾಗದ ಪ್ಯಾಕೇಜು ಹಿಂದಿನ ಸಿ.ಡಿ.ಗಳಿಗೆ ಸರಿಯುತ್ತದೆ, ಆಗ ಅದನ್ನು ಪಡೆಯಲು ಅದೇ ದುಬಾರಿ ಸಂಪರ್ಕ ಬೇಕಾಗುತ್ತದೆ. ಒಂದೇ ಸಿ.ಡಿ.ಯ ಶಿಸ್ತನ್ನು 2012ರ ಅಕ್ಟೋಬರಿನವರೆಗೆ ಪಾಲಿಸಿದ ಉಬುಂಟು ಕೂಡ ಬಹುತೇಕ ಭಾಷಾಪ್ಯಾಕುಗಳನ್ನು ಜಾಲಕ್ಕೆ ಬಿಟ್ಟಿತ್ತು. ಬಳಕೆಯ ಆವರ್ತನವನ್ನು ಪುರಾವೆಯಾಗಿ ಬಳಸುವ ನಮಗೆ ಈ ವರ್ತುಲ ಪರಿಚಿತವೆನಿಸಬೇಕು.

2007ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಆ ಆಯ್ಕೆಚೌಕವನ್ನೇ ತೆಗೆದುಹಾಕಿತು. ಎಲ್ಲ ಲಿಪಿಗಳ ಬೆಂಬಲವೂ ಕೇಳದೆಯೇ ದೊರೆಯಿತು. ಆದರೆ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್‌ವರೆಗೂ ಮುಂದುವರಿದುದರಿಂದ ಎರಡು ಬಗೆಯ ಯಂತ್ರಗಳು ವರ್ಷಗಟ್ಟಲೆ ಅಕ್ಕಪಕ್ಕದಲ್ಲಿದ್ದವು. ಪಠ್ಯಕೋಶದ ಕಾಲವಿಭಾಗ ಮಾಡುವಾಗ 2007ನ್ನು ಚೊಕ್ಕ ಗಡಿಯಾಗಿ ಬಳಸಲಾಗದು. ವಿಂಡೋಸ್ 8ರಿಂದ ಭಾರತೀಯ ಲಿಪಿಗಳಿಗೆಲ್ಲ ‘ನಿರ್ಮಲಾ’ ಎಂಬ ಒಂದೇ ಫಾಂಟು ವ್ಯವಸ್ಥೆಯ ಮುಖವಾಯಿತು. 2015ರ ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿಯಿತು. ಆ ಪ್ಯಾಕೇಜಿನ ಹೆಸರಿನಲ್ಲಿ ‘ಪೂರಕ’ ಎಂಬ ಮಾತು ಮರಳಿ ಬಂದಿದೆ. ಈ ಬಾರಿ ಪೂರಕವಾಗಿರುವುದು ಲಿಪಿಯಲ್ಲ, ಒಂದು ಅಕ್ಷರರೂಪ ಮಾತ್ರ. ಆದರೂ ತುಂಗಾದಲ್ಲಿ ಸಿದ್ಧಪಡಿಸಿದ ಪ್ರಬಂಧವನ್ನೋ ನಿಘಂಟಿನ ಕರಡನ್ನೋ ಇಂದಿನ ಯಂತ್ರದಲ್ಲಿ ತೆರೆದಾಗ ಬೇರೆ ಫಾಂಟು ಅದರ ಜಾಗದಲ್ಲಿ ನಿಂತು ಸಾಲುಗಳೂ ಪುಟಸಂಖ್ಯೆಗಳೂ ಕದಲಬಹುದು. ಅಂಥ ಕಡತವನ್ನು ಪುಟಸಂಖ್ಯೆಯ ಮೂಲಕ ಉಲ್ಲೇಖಿಸುವವರು ಯಾವ ಯಂತ್ರದಲ್ಲಿ, ಯಾವ ಫಾಂಟಿನಲ್ಲಿ ತೆರೆದು ಓದಿದ್ದೆಂಬುದನ್ನು ಜೊತೆಯಲ್ಲೇ ನಮೂದಿಸಬೇಕಾಗುತ್ತದೆ.